ಆಳುದ್ದದ ಕೊಳ

ಯಾವ ದೇಶಕ್ಕೆ ಬೇಕಾದರೂ ಹೋಗಿ, ಊರಿಗೊಬ್ಬ ಪೆದ್ದ ಇದ್ದೇ ಇರುತ್ತಾನೆ. ಚಳಿಗೆ ಕೊಡದ ನೀರೂ ಕಲ್ಲಾಗುವ ಒಂದು ಬೆಟ್ಟದೂರಿನಲ್ಲಿ ಬೈರ ಅಂತ ಒಬ್ಬನಿದ್ದ. ಅವನವ್ವ ಸಣ್ಣೀರಮ್ಮ ಬಯಲುಸೀಮೆಯ ಹೆಣ್ಣು. ತವರಿಂದ ಕೊಡದಲ್ಲಿ ಮೀನು ತಂದು ಹಿತ್ತಲ ಕೊಳದಲ್ಲಿ ಸಾಕಿದ್ದಳು. ಹೋದ ಚಳಿಗಾಲ ಆ ಮೊಣಕಾಲುದ್ದದ ಕೊಳ ತಳದವರೆಗೂ ಹೆಪ್ಪುಗಟ್ಟಿ ಅಷ್ಟೂ ಸತ್ತವು. ಮತ್ತೆ ತವರಿಗೆ ಹೋಗಿ ಒಂದು ಜೋಡಿ ತಂದಳು. ಇವಾದರೂ ಉಳಿಯಬೇಕು.

"ಮಗಾ, ಆಳ ಇದ್ದರೆ ತಳದ ನೀರು ಗಡ್ಡೆ ಕಟ್ಟಲ್ಲ. ಹೊಸ ಕೊಳ ಆಳುದ್ದ ತೋಡು."

ಬೈರ ನೆಲದ ಮೇಲೆ ಮಲಗಿದ. ತಲೆ ಹತ್ತಿರ ಒಂದು ಗೆರೆ, ಕಾಲ ಹತ್ತಿರ ಒಂದು ಗೆರೆ. ಅಷ್ಟುದ್ದ, ಒಂದು ಗೇಣು ಆಳ ತೋಡಿದ.

"ಯಾರನ್ನ ಹೂಳೋಕೋ ಇದು? ಆಳುದ್ದ ಅಂದರೆ ಮಲಗಿ ಅಳೆಯೋದಲ್ಲ, ನಿಂತು ಅಳೆಯೋದು."

"ಹಂಗಂತ ಮೊದಲೇ ಅನ್ನಬಾರದಾ ಅವ್ವಾ."

ನಿಂತು ತೋಡಿದ, ತೋಡಿ ನಿಂತ. ಮೂಗು ಮಾತ್ರ ಮೇಲೆ ಉಳಿಯುವಷ್ಟಾಯಿತು. ಜೇಡಿಮಣ್ಣು ಮೆತ್ತಿ ನೀರು ತುಂಬಿಸಿದರು.

"ನಾನು ಹಾಲು ಕರೆದು ಬರ್ತೀನಿ. ನೀನು ಮೀನು ಬಿಡು."

ಬಂದು ನೋಡಿದರೆ ಮೀನು ಕೊಡದಲ್ಲೇ ಇವೆ.

"ಬಿಡಲಿಲ್ವೇನೋ?"

"ಬಿಟ್ಟೆನಲ್ಲವ್ವಾ. ಇನ್ನು ಸಾಯೋತನಕ ತಿನ್ನಲ್ಲ. ಮೊಟ್ಟೆನೂ ಬಿಡಬೇಕಾ?"

"ಅಯ್ಯೋ ಪೆದ್ದಪ್ಪಾ, ನಾನು ಬಿಡು ಅಂದರೆ ನೀರಿಗೆ ಬಿಡು ಅಂತ ತಿಳಕೋ."

"ಹಂಗಂತ ಮೊದಲೇ ಅನ್ನಬಾರದಾ ಅವ್ವಾ."

ಚಳಿ ಬಂತು. ಕೊಳದ ಮೇಲೆ ಗಡ್ಡೆ ಕಟ್ಟತೊಡಗಿತು.

"ಪೂರಾ ಮುಚ್ಚಿದರೆ ಮೀನಿಗೆ ಉಸಿರು ಕಟ್ಟುತ್ತೆ. ಒಂದು ತೂತು ಬಿಡು ಮಗಾ."

ಬೈರ ಅವಳ ಹಿಟ್ಟಿನ ಜರಡಿ ತಂದು ಕೊಳಕ್ಕೆ ಬಿಟ್ಟ. ಅದು ಮುಳುಗಿತು.

"ಒಂದೇನವ್ವಾ, ನೂರು ತೂತು ಬಿಟ್ಟೆ."

ಸಣ್ಣೀರಮ್ಮ ಹಣೆ ಚಚ್ಚಿಕೊಂಡಳು. ಮಾರನೆಯ ಬೆಳಿಗ್ಗೆ ಕೊಳ ಪೂರಾ ಮುಚ್ಚಿತ್ತು. ಗಡ್ಡೆ ಮೇಲೆ ಬಿಸಿನೀರಿನ ಚೊಂಬಿಟ್ಟು ತಾನೇ ಮೆಲ್ಲಗೆ ತೂತು ಕರಗಿಸಿದಳು.

"ಪಕ್ಕದ ಮನೇಲಿ ಹಿಟ್ಟು ಜರಡಿ ಹಿಡಕೊಂಡು ಬರ್ತೀನಿ. ಇನ್ನು ನೀನು ಏನೂ ಬಿಡಬೇಡ. ತೂತು ಮುಚ್ಚದ ಹಾಗೆ ಅದರ ಮೇಲೆ ಕಣ್ಣಿಟ್ಟಿರು, ಸಾಕು."

ಪಕ್ಕದ ಮನೆಯಲ್ಲಿ ಮಾತಿಗೆ ಮಾತು ಬೆಳೆದು ಅವಳು ಬಂದಾಗ ಹೊತ್ತಿಳಿದಿತ್ತು. ಬೈರ ಗಡ್ಡೆಯ ಮೇಲೆ ಬೋರಲು ಮಲಗಿ ತೂತಿನ ಮೇಲೆ ಕಣ್ಣಿಟ್ಟಿದ್ದ. ಹುಬ್ಬೆಲ್ಲ ಬೆಳ್ಳಗಾಗಿತ್ತು. ಆದರೆ ಅವನ ಬಿಸಿಯುಸಿರಿಗೆ ತೂತು ಮುಚ್ಚಿರಲಿಲ್ಲ.

"ಮೀನು?"

"ಎರಡೂ ನನ್ನನ್ನೇ ನೋಡ್ತಾ ಇವೆ."

"ಸಾಕು, ಎದ್ದು ಬಾರೋ ನನ್ನಪ್ಪಾ."

ಎದ್ದು ನಿಂತ. ಅವನ ಹೊಟ್ಟೆಯ ಬಿಸಿಗೆ ಮೆತ್ತಗಾಗಿದ್ದ ಗಡ್ಡೆ ಸದ್ದಿಲ್ಲದೆ ಕುಸಿಯಿತು. ಬೈರ ಮುಳುಗಿದ. ಆಮೇಲೆ ಮೂಗು ಬಂತು.

"ಅವ್ವಾ, ನಿಂತು ಅಳೆದೆ. ಸರಿಯಾಗಿ ಆಳುದ್ದ ಇದೆ. ಜರಡಿನೂ ಕಾಲಿಗೆ ಸಿಕ್ತು."

"ಕೈ ಕೊಡೋ, ಎಳಕೋತೀನಿ."

"ಹೆಂಗೆ ಕೊಡಲವ್ವಾ? ಒಂದೊಂದು ಕೈಲೂ ಒಂದೊಂದು ಮೀನಿದೆ. ಏನೂ ಬಿಡಬೇಡ ಅಂದಿದ್ದೆಯಲ್ಲ."