ಹೊಂಡದ ಮೀನಿನ ಹಸಿವು

ಅಡುಗೆಯ ಕೊಟ್ರಯ್ಯನ ಕೈಯಲ್ಲಿ ಒಂದಗುಳೂ ಹಾಳಾಗುತ್ತಿರಲಿಲ್ಲ. ಮಠದ ದಾಸೋಹದಲ್ಲಿ ಉಳಿದ ಅನ್ನವನ್ನೆಲ್ಲ ಹೊಂಡದ ಮೀನುಗಳಿಗೆ ಹಾಕುತ್ತಿದ್ದ. ಪ್ರಸಾದ ಚೆಲ್ಲಬಾರದು, ಮೀನಿನ ಹೊಟ್ಟೆಯೂ ತುಂಬಬೇಕು. ಐವತ್ತು ದಾಟಿದ ಆ ಒಂಟಿ ಜೀವಕ್ಕೆ ಅವೇ ಮಕ್ಕಳು.

ಮೀನುಗಳು ಕಣ್ತುಂಬ ಕಾಣಲೆಂದು ಹೊಂಡದ ನೈದಿಲೆಯನ್ನೂ ಅವನೇ ಕಿತ್ತು ಹಾಕಿದ್ದ.

ಆ ಬೇಸಿಗೆಯಲ್ಲಿ ನೀರು ಹಸಿರು ಗಂಜಿಯಂತಾಯಿತು. ಬೆಳಗಾದರೆ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಹಸಿದಿವೆ ಎಂದುಕೊಂಡ ಕೊಟ್ರಯ್ಯ. ಇನ್ನೊಂದು ಬುಟ್ಟಿ ಅನ್ನ ಸುರಿದ.

ಮರುದಿನ ಏಳು ಮೀನು ಸತ್ತು ತೇಲಿದವು. ಅವನ ಕೈಯಿಂದಲೇ ತಿನ್ನುತ್ತಿದ್ದ ಬಾಲ ಹರಿದ ಮುದಿ ಮೀನು ಮೆಟ್ಟಿಲ ಬಳಿ ಬಾಯಿ ಬಾಯಿ ಬಿಡುತ್ತಿತ್ತು.

ಅವನು ಗುರುಗಳಾದ ಮಹಾಂತಜ್ಜನ ಬಳಿಗೆ ಓಡಿದ.

“ಅಜ್ಜಾರ, ಮೀನು ಹಸಿದು ಸಾಯಾಕತ್ತಾವ್ರಿ. ನನ್ನ ಪಾಲಿನ ಊಟಾನೂ ಹಾಕ್ತೀನಿ, ಅಪ್ಪಣೆ ಕೊಡ್ರಿ.”

“ಹಸಿದಾವಂತ ನಿನಗ ಯಾರು ಹೇಳಿದ್ರು?”

“ಬಾಯಿ ತಗದು ಕೇಳಾಕತ್ತಾವಲ್ರಿ!”

“ಮೊದ್ಲು ಹೋಗಿ ಒಲಿ ಹಚ್ಚು” ಎಂದರು ಅಜ್ಜ.

ಕಟ್ಟಿಗೆ ಹಸಿ. ಕೊಟ್ರಯ್ಯ ಊದಿದಷ್ಟೂ ಹೊಗೆ ಎದ್ದಿತು. ಅಜ್ಜ ಸದ್ದಿಲ್ಲದೆ ಅಡುಗೆಮನೆಯ ಬಾಗಿಲನ್ನು ಹೊರಗಿನಿಂದ ಎಳೆದು ಮುಚ್ಚಿದರು.

ಸ್ವಲ್ಪ ಹೊತ್ತಿಗೆ ಕೊಟ್ರಯ್ಯ ಬಾಗಿಲು ತಳ್ಳಿಕೊಂಡು ಹೊರಗೆ ಬಂದ. ಕಣ್ಣು ಕೆಂಪು, ಬಾಯಿ ಇಷ್ಟಗಲ. ಅಜ್ಜ ಕಾದೇ ನಿಂತಿದ್ದರು. ತೆರೆದ ಬಾಯಿಗೆ ರೊಟ್ಟಿಯ ತುಂಡೊಂದನ್ನು ತುರುಕಿದರು.

ಹುಟ್ಟಿದ ಮೇಲೆ ಮೊದಲ ಸಲ ಕೊಟ್ರಯ್ಯ ಬಾಯಿಗೆ ಬಂದ ತುತ್ತನ್ನು ಉಗುಳಿದ.

“ಉಸಿರಾಡಾಕ ಬಿಡ್ರಿ ಅಜ್ಜಾರ!”

“ಬಾಯಿ ತಗದಿದ್ದಿಯಲ್ಲಾ, ಹಸಿದೀ ಅಂದ್ಕೊಂಡೆ” ಎಂದರು ಅಜ್ಜ, ಅವನ ಬೆನ್ನು ಸವರುತ್ತ.

ಕೊಟ್ರಯ್ಯ ಹೊಂಡದ ಕಡೆ ನೋಡಿದ. ಅಲ್ಲೇ ಕುಸಿದು ಕೂತು ಅತ್ತುಬಿಟ್ಟ.

“ಅಳೋದು ಆಮ್ಯಾಲ. ನೀ ಹಾಕಿದ ಅನ್ನ ಕೊಳತು, ನೈದಿಲಿ ನೆರಳೂ ಇಲ್ದ, ಆ ಹಸಿರು ಬೆಳದೈತಿ. ಹಗಲು ಉಸಿರು ಕೊಡತೈತಿ, ರಾತ್ರಿ ಇದ್ದದ್ದನ್ನೂ ತಾನೇ ಎಳಕೊಂತೈತಿ. ಬಾವಿ ನೀರು ಸೇದು, ಎತ್ತರದಿಂದ ಹೊಂಡಕ್ಕ ಸುರಿ, ನೀರಾಗ ಗಾಳಿ ಕೂಡತೈತಿ.”

ಮೂರು ದಿನ ಅವನು ರಟ್ಟೆ ಬೀಳುವಂತೆ ಸೇದಿದ. ಕೊಳೆತ ಅನ್ನವನ್ನು ಬಾಚಿ ತೆಗೆದ. ನೈದಿಲೆ ಗಡ್ಡೆಗಳನ್ನು ತಂದು ಮತ್ತೆ ನೆಟ್ಟ. ಅಡುಗೆಗೆ ಅಕ್ಕಿಯನ್ನು ಅಳೆದು ಹಾಕುವುದನ್ನು ಆ ವಯಸ್ಸಿನಲ್ಲಿ ಕಲಿತ.

ಮಳೆ ಬಂತು, ನೀರು ತಿಳಿಯಾಯಿತು, ನೈದಿಲೆ ಎಲೆ ಹರಡಿತು. ಒಂದು ಬೆಳಗ್ಗೆ ಕೊಟ್ರಯ್ಯ ನೀರಲ್ಲಿ ಕೈಯಿಟ್ಟುಕೊಂಡು ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದ. ಎಲೆಗಳ ಕೆಳಗೆ ಬಾಲ ಹರಿದ ಮೀನು ಸರ್ರನೆ ಸುಳಿದು ಹೋಯಿತು. ಅವನತ್ತ ತಿರುಗಿಯೂ ನೋಡಲಿಲ್ಲ.

“ಒಂದೂ ಹತ್ರ ಬರವಲ್ದು ಅಜ್ಜಾರ. ನನ್ನ ಮರತಾವ್ರಿ.”

ಅಜ್ಜ ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈಯಿಟ್ಟರು.

“ಅವು ಚಲೋ ಇರೋದು ಬೇಕೋ ಕೊಟ್ರಯ್ಯಾ, ನಿನ್ನ ಹತ್ರ ಬರೋದು ಬೇಕೋ?”