ಗಂಡ ಹೇಳಿದ ಕಾಯಿಲೆ

“ಗುರುಗಳೇ, ಲಕ್ಷಕ್ಕೊಬ್ಬರಿಗೆ ಬರುವ ರೋಗವನ್ನು ಗುರುತಿಸಲಿಲ್ಲವೆಂದು ವೈದ್ಯನನ್ನು ದೂರುವುದು ನ್ಯಾಯವೇ?” ಎಂದು ನಿರಂಜನ ಕೇಳಿದ. ಅವನು ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಹೊಸ ವೈದ್ಯ. ಕಲಿಸುತ್ತಿದ್ದವರು ಹಿರಿಯರಾದ ವಾಮದೇವಯ್ಯ.

ನ್ಯಾಯ ಆಮೇಲೆ ನೋಡೋಣ, ಮೊದಲು ಕತೆ ಕೇಳು ಎಂದು ಅವರು ಶುರು ಮಾಡಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದನಯ್ಯಾ. ಅರಳು ಹುರಿದಂತೆ ಮಾತಾಡುವವನು. ಅವನ ಹೆಂಡತಿಗೆ ಒಂದು ಬಾಧೆ ಹತ್ತಿಕೊಂಡಿತು. ಮೂತ್ರಕ್ಕೆ ಹೋದಾಗಲೆಲ್ಲ ಎದೆ ಡವಡವ ಹೊಡೆದುಕೊಳ್ಳುವುದು, ತಲೆ ಸಿಡಿಯುವುದು, ಮೈಯೆಲ್ಲ ಬೆವರುವುದು. ಸ್ವಲ್ಪ ಹೊತ್ತಿಗೆ ಎಲ್ಲ ಸರಿ. ಹೆದರಿದ ಆಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ತಾಳಲಾರದೆ ಕೊನೆಗೆ ಗಂಡನಿಗೆ ಹೇಳಿದಳು. ಪಾಪ, ಅವನೇನೂ ಕೆಟ್ಟವನಲ್ಲ. ಅಂಗಡಿ ಮುಚ್ಚಿ ಅಂದೇ ಆಸ್ಪತ್ರೆಗೆ ಕರೆದೊಯ್ದ.

ಅಲ್ಲಿ ನಮ್ಮಲ್ಲಿ ನಡೆಯುವಂತೆಯೇ ನಡೆಯಿತು. ವೈದ್ಯನೆದುರಿನ ಕುರ್ಚಿಯಲ್ಲಿ ಗಂಡ ಕುಳಿತ, ಹೆಂಡತಿ ಸೆರಗು ಹೊದ್ದು ಅವನ ಹಿಂದೆ ನಿಂತಳು. ಕಾಯಿಲೆ ಆಕೆಯದು, ಬಾಯಿ ಅವನದು. ಎದೆಬಡಿತ, ತಲೆನೋವು, ಬೆವರು ಎಲ್ಲವನ್ನೂ ವರ್ಣಿಸಿದ. ಯಾವಾಗ ಬರುತ್ತದೆ ಎನ್ನುವುದನ್ನು ಮಾತ್ರ ನುಂಗಿಕೊಂಡ. ಹೆಂಡತಿಯ ಆ ಸಂಗತಿಯನ್ನು ಪರಗಂಡಸಿನ ಮುಂದೆ ಆಡಲು ಅವನಿಗೆ ನಾಚಿಕೆಯಾಯಿತು. ವೈದ್ಯ ಇದು ಬರೀ ಭಯ ಎಂದು ಮಾತ್ರೆ ಬರೆದುಕೊಟ್ಟು ಕಳಿಸಿದ.

ಕೆಲವು ತಿಂಗಳಿಗೆ ಮೂತ್ರದಲ್ಲಿ ರಕ್ತ ಕಂಡಿತು. ಇನ್ನು ನಾಚಿಕೆ ಪಟ್ಟರೆ ನಡೆಯುತ್ತದೆಯೇ? ಗಂಡ ಅದನ್ನು ಹೇಳಿದ. ಸ್ಕ್ಯಾನ್ ಮಾಡಿದರೆ ಮೂತ್ರಕೋಶದ ಗೋಡೆಯಲ್ಲಿ ಒಂದು ಗಡ್ಡೆ. ಅಲ್ಲಿ ಗಡ್ಡೆ ಬೆಳೆಯುವುದು ಹೊಸದೇನಲ್ಲ, ಕೊಳವೆ ಇಳಿಸಿ ಕೆರೆದು ತೆಗೆದರಾಯಿತು ಎಂದು ಶಸ್ತ್ರಚಿಕಿತ್ಸಕ ಹೊರಟ. ಹಳೆಯ ಎದೆಬಡಿತದ ಮಾತನ್ನು ಯಾರೂ ಎತ್ತಲಿಲ್ಲ.

ಗಡ್ಡೆಗೆ ಉಪಕರಣ ತಾಗಿತು. ಅಷ್ಟೇ. ಆಕೆಯ ರಕ್ತದೊತ್ತಡ ಗಗನಕ್ಕೇರಿತು, ಹೃದಯ ಲಯ ತಪ್ಪಿ ಓಡತೊಡಗಿತು. ಅರಿವಳಿಕೆ ವೈದ್ಯ ಹೌಹಾರಿ, ಕೈ ತೆಗೆಯಿರಿ ಎಂದು ಕೂಗಿದ. ತಾನು ಮುಟ್ಟಿದ್ದು ಏನನ್ನು ಎಂದೇ ಶಸ್ತ್ರಚಿಕಿತ್ಸಕನಿಗೆ ತಿಳಿಯಲಿಲ್ಲ. ಕೆಲಸವನ್ನು ಅಲ್ಲಿಗೇ ಬಿಟ್ಟರು. ಆಕೆ ಕೂದಲೆಳೆಯ ಅಂತರದಲ್ಲಿ ಪಾರಾದಳು.

ಆಮೇಲೆ ರಕ್ತ, ಮೂತ್ರ ಎಲ್ಲ ಪರೀಕ್ಷಿಸಿದಾಗ ಗೊತ್ತಾಯಿತು, ಅದು ಅಪರೂಪದ ನ್ಯೂರೋಎಂಡೋಕ್ರೈನ್ ಗಡ್ಡೆ. ನಾವು ಬೆದರಿದಾಗ ಮೈಯಲ್ಲಿ ಏಳುವ ಹಾರ್ಮೋನನ್ನು ಅದು ತಾನೇ ತಯಾರಿಸುತ್ತದೆ. ಮೂತ್ರ ಹೊರಡಲು ಮೂತ್ರಕೋಶ ಹಿಂಡಿದಾಗ, ಇಲ್ಲವೇ ಗಡ್ಡೆಯನ್ನೇ ಮುಟ್ಟಿದಾಗ, ಅದನ್ನು ರಕ್ತಕ್ಕೆ ಸುರಿಯುತ್ತದೆ. ಕೆಲವು ವಾರ ಆ ಹಾರ್ಮೋನಿನ ಆಟ ಕಟ್ಟುವ ಮಾತ್ರೆ ಕೊಟ್ಟು, ಮೈಯನ್ನು ಹದಕ್ಕೆ ತಂದು, ಎರಡನೆಯ ಸಲ ಗಡ್ಡೆಯಿದ್ದ ಭಾಗವನ್ನೇ ಕತ್ತರಿಸಿ ತೆಗೆದರು. ಈ ಸಲ ಏನೂ ಆಗಲಿಲ್ಲ.

ಆಕೆ ಎದ್ದು ಕುಳಿತ ದಿನ ಶಸ್ತ್ರಚಿಕಿತ್ಸಕ ಮೊದಲ ಬಾರಿಗೆ ಆಕೆಯನ್ನೇ ನೇರ ಮಾತಾಡಿಸಿದ. ಮೂತ್ರಕ್ಕೆ ಹೋದಾಗ ಮಾತ್ರ ಎದೆ ಹೊಡೆದುಕೊಳ್ಳುತ್ತಿತ್ತೇ ಎಂದು ಕೇಳಿದ. ಹೌದು, ಮೊದಲಿನಿಂದಲೂ ಎಂದಳು.

“ಇಷ್ಟು ದಿನ ಯಾಕಮ್ಮಾ ಹೇಳಲಿಲ್ಲ?”

“ನೀವು ಅವರನ್ನು ಕೇಳಿದಿರಿ” ಎಂದಳು ಆಕೆ.

ಪಕ್ಕದಲ್ಲಿದ್ದ ವ್ಯಾಪಾರಿ ಸರಿದು ಹೆಂಡತಿಯ ಹಿಂದೆ ಹೋಗಿ ನಿಂತ.

ಕತೆ ಮುಗಿಯಿತು. ಆದರೂ ಅಂಥ ರೋಗ ಅಪರೂಪವೇ ಅಲ್ಲವೇ ಎಂದು ನಿರಂಜನ ಮೆಲ್ಲಗೆ ಅಂದ.

ವಾಮದೇವಯ್ಯ ಅವನ ಮುಖ ನೋಡಿ ಕೇಳಿದರು: “ಈ ಬೆಳಿಗ್ಗೆ ನೀನು ಪರೀಕ್ಷಿಸಿದ ಹೆಂಗಸರಲ್ಲಿ ಯಾರ ದನಿ ನಿನ್ನ ಕಿವಿಯಲ್ಲಿದೆ, ಹೇಳು.”

ನಿರಂಜನ ಎದ್ದು ಹೆಂಗಸರ ವಾರ್ಡಿನ ಕಡೆಗೆ ನಡೆದ.