ಶಾಲಿನ ಮೇಲಿನ ಲ್ಯಾಪ್‌ಟಾಪ್

ರಾಯಚೂರಿನ ಒಂದು ಕಚೇರಿ. ಬಿರಾದಾರ ಸಾಹೇಬರು ಸನ್ಮಾನದಲ್ಲಿ ಸಿಕ್ಕ ಶಾಲನ್ನು ಮಡಚಿ, ಲ್ಯಾಪ್‌ಟಾಪನ್ನು ಅದರ ಮೇಲೇ ಇಡುತ್ತಿದ್ದರು. ಬೇಸಿಗೆಯಲ್ಲಿ ಅದು ಕಾದು ಕಾದು ದಿನಾ ಬಂದ್ ಆಗುತ್ತಿತ್ತು.

"ನೀ ಇದರ ಧೂಳು ಸರಿಯಾಗಿ ಒರೆಸಂಗಿಲ್ಲ. ನಾಳೆ ಮತ್ತ ಬಂದ್ ಆದ್ರ ನಿನ್ನ ಕೆಲಸಾನೂ ಬಂದ್," ಎಂದರು ಅಟೆಂಡರ್ ಶರಣಮ್ಮನಿಗೆ.

ಶಾಲು ತೆಗೀರಿ ಅಂದರೆ ಸಿಟ್ಟಾಗುವ ಮನುಷ್ಯ. ಶರಣಮ್ಮ ಯೋಚಿಸಿದಳು.

ಮರುದಿನ ಮಧ್ಯಾಹ್ನ ಲ್ಯಾಪ್‌ಟಾಪ್ ಕೆಳಗಿನ ಆ ಶಾಲನ್ನು ತೆಗೆದು ಸಾಹೇಬರಿಗೇ ಹೊದಿಸಿದಳು. "ಮರ್ಯಾದಿ ನಿಮ್ಮ ಮೈಮ್ಯಾಲೆ ಇರ್ಲಿ, ಸಾಹೇಬ್ರ."

ಸಾಹೇಬರು ಬೀಗಿದರು. ಹತ್ತು ನಿಮಿಷಕ್ಕೆ ಬೆವರು ಇಳಿಯಿತು.

"ತಗೀಯವ್ವ, ಉಸಿರು ಕಟ್ಟಾಕತ್ತದ."

"ಈ ಲ್ಯಾಪ್‌ಟಾಪಿಗೂ ಉಸಿರಾಡೋ ತೂತು ತಳದಾಗ ಅದಾವ್ರಿ. ಹೇಳಾಕ ಬಾಯಿಲ್ಲ, ಅದಕ್ಕ ಕಣ್ಣು ಮುಚ್ಚತದ."

ಬರೀ ಮೇಜಿನ ಮೇಲೆ ಲ್ಯಾಪ್‌ಟಾಪ್ ತಣ್ಣಗೆ ನಡೆಯುತ್ತಿತ್ತು. ಸಾಹೇಬರು ಅದನ್ನು ಮುಟ್ಟಿ ನೋಡಿದರು. ಆಮೇಲೆ ಎದ್ದು, ಶಾಲನ್ನು ಶರಣಮ್ಮನ ಹೆಗಲಿಗೆ ಹಾಕಹೋದರು.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಈ ಬಿಸಿಲಾಗ ಬ್ಯಾಡ್ರಿ. ಚಳಿಗಾಲ ಬರ್ಲಿ."